ರಿಯಾಕ್ಟರ್ ನಿಂತ ಮೇಲಿನ ಕೆಲಸ

ಮೂವತ್ತೆರಡು ವರ್ಷ ನಾನು ಅಣುವಿದ್ಯುತ್ ಸ್ಥಾವರಗಳಲ್ಲಿ ಕೆಲಸ ಮಾಡಿದೆ. ಹೆಚ್ಚಿನ ಕಾಲ ಕಂಟ್ರೋಲ್ ರೂಮಿನ ಪಾಳಿಯಲ್ಲಿ, ಕೊನೆಯ ಎಂಟು ವರ್ಷ ಹೊಸ ಹುಡುಗರಿಗೆ ತರಬೇತಿ ಕೊಡುತ್ತ. ಒಂದು ಸ್ಥಾವರ ಸಮುದ್ರದ ದಂಡೆಯಲ್ಲಿತ್ತು, ಇನ್ನೊಂದು ನದಿಯ ಪಕ್ಕದಲ್ಲಿ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು ಈಗಲೂ ಕೇಳುತ್ತಾರೆ: "ಭೂಕಂಪ ಆದ್ರೆ, ಸುನಾಮಿ ಬಂದ್ರೆ ನಿಮ್ಮ ಸ್ಥಾವರದ ಗತಿ ಏನ್ರೀ?" ಪಾಯಸ ಬರುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಅಣುವಿದ್ಯುತ್ ಬೇಕು ಎನ್ನುವವನು ನಾನು. ಬೇಕು ಎನ್ನುವವರೇ ಈ ಪ್ರಶ್ನೆಯನ್ನು ಹೆಚ್ಚು ಗಟ್ಟಿಯಾಗಿ ಕೇಳಬೇಕು ಎಂದು ನಂಬಿದವನೂ ಹೌದು. ಕೆಲಸದಲ್ಲಿ ಕಲಿತದ್ದನ್ನು, ಬೇರೆಯವರ ಅಪಘಾತಗಳಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ನಿಲ್ಲಿಸುವುದು ಎರಡು ಕ್ಷಣದ ಕೆಲಸ, ತಣಿಸುವುದು ತಿಂಗಳುಗಳ ಕೆಲಸ

2011ರ ಮಾರ್ಚ್ 11ರ ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ಜಪಾನಿನ ಈಶಾನ್ಯ ಕರಾವಳಿಯಾಚೆ 9.0 ತೀವ್ರತೆಯ ಭೂಕಂಪವಾಯಿತು. ಫುಕುಶಿಮಾ ದಾಯಿಚಿಯಲ್ಲಿ ಆಗ ಓಡುತ್ತಿದ್ದ ಮೂರೂ ರಿಯಾಕ್ಟರ್‌ಗಳು ತಾವಾಗಿಯೇ ನಿಂತವು. ಹೊರಗಿನ ವಿದ್ಯುತ್ ಹೋಯಿತು, ಡೀಸೆಲ್ ಜನರೇಟರ್‌ಗಳು ಚಾಲೂ ಆದವು. ಅಲ್ಲಿಯವರೆಗೆ ಎಲ್ಲವೂ ಪುಸ್ತಕದಲ್ಲಿ ಬರೆದಂತೆಯೇ ನಡೆಯಿತು. ಇದನ್ನು ಹೇಳಿದರೆ ಜನ ನಂಬುವುದಿಲ್ಲ. ರಿಯಾಕ್ಟರ್ ನಿಲ್ಲಲಿಲ್ಲ, ಅದಕ್ಕೇ ಸ್ಫೋಟವಾಯಿತು ಎಂದೇ ಬಹಳ ಜನರ ಕಲ್ಪನೆ.

ರಿಯಾಕ್ಟರ್ ನಿಂತರೂ ಇಂಧನ ತಣ್ಣಗಾಗುವುದಿಲ್ಲ. ನಾವು ಅದನ್ನು ಡಿಕೇ ಹೀಟ್ ಎನ್ನುತ್ತೇವೆ. ವಿದಳನ ನಿಂತ ಮೇಲೂ ಅದರ ಚೂರುಗಳು ಸೂಸುತ್ತಲೇ ಇರುವ ಉಳಿಕೆ ಶಾಖ ಇದು. ತರಬೇತಿಯ ಮೊದಲ ದಿನ ನಾನು ಹುಡುಗರಿಗೆ ಬೋರ್ಡಿನ ಮೇಲೆ ಒಂದು ಲೆಕ್ಕ ಮಾಡಿಸುತ್ತಿದ್ದೆ. ನಮ್ಮ ದೇಶದ 220 ಮೆಗಾವಾಟ್ ರಿಯಾಕ್ಟರ್ ಒಳಗೆ ಹುಟ್ಟುವ ಶಾಖ ಸುಮಾರು 750 ಮೆಗಾವಾಟ್. ನಿಂತ ಕ್ಷಣ ಅದರ ಶೇಕಡ 6ರಷ್ಟು ಉಳಿದಿರುತ್ತದೆ, ಒಂದು ಗಂಟೆಯ ನಂತರ ಶೇಕಡ ಒಂದೂವರೆ. ಅಂದರೆ 11 ಮೆಗಾವಾಟ್. ಬರೀ ನೀರು ಕುದಿಸಿ ಆವಿ ಬಿಟ್ಟು ತಣಿಸುವುದಾದರೆ ಗಂಟೆಗೆ ಎಷ್ಟು ನೀರು ಬೇಕು? ಉತ್ತರ ಸುಮಾರು 15,000 ಲೀಟರ್. ಬೇಸಿಗೆಯಲ್ಲಿ ಹಳ್ಳಿಗೆ ಬರುವ 5,000 ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರ್ ಲೆಕ್ಕದಲ್ಲಿ ಗಂಟೆಗೆ ಮೂರು ಟ್ಯಾಂಕರ್. ಒಂದು ದಿನ ಕಳೆದ ಮೇಲೆ ಗಂಟೆಗೆ ಒಂದು ಟ್ಯಾಂಕರ್ ಸಾಕು.

ಈ ಲೆಕ್ಕ ಮುಗಿದ ಮೇಲೆ ತರಗತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡುತ್ತಿರಲಿಲ್ಲ. ಗಂಟೆಗೆ ಮೂರು ಟ್ಯಾಂಕರ್ ನೀರು ದೊಡ್ಡ ವಿಷಯವಲ್ಲ ಎಂಬುದು ಒಂದು ಕಡೆ. ಭೂಕಂಪವಾದ ಊರಿನಲ್ಲಿ, ಕರೆಂಟ್ ಇಲ್ಲದ ರಾತ್ರಿಯಲ್ಲಿ ಅಷ್ಟು ನೀರನ್ನು ಒಳಗೆ ತಲುಪಿಸುವುದು ಎಷ್ಟು ಕಷ್ಟ ಎಂಬುದು ಇನ್ನೊಂದು ಕಡೆ. ಪ್ರಕೃತಿ ವಿಕೋಪದ ಪ್ರದೇಶದಲ್ಲಿ ಅಣುಸ್ಥಾವರದ ಸುರಕ್ಷತೆ ಎಂದರೆ ಬಹುಪಾಲು ಈ ಟ್ಯಾಂಕರ್ ಲೆಕ್ಕವೇ. ನೀರು ಎಲ್ಲಿದೆ, ಅದನ್ನು ತಳ್ಳುವ ಶಕ್ತಿ ಎಲ್ಲಿದೆ, ವಾಲ್ವ್ ತಿರುಗಿಸುವ ಮನುಷ್ಯ ಎಲ್ಲಿದ್ದಾನೆ, ಇಷ್ಟು ಹೇಳಿ ಎಂದು ಕೇಳಿದರೆ ಯಾವ ಸ್ಥಾವರದ ಹಣೆಬರಹವೂ ಅರ್ಧ ತಿಳಿಯುತ್ತದೆ.

2. ಎತ್ತರವನ್ನು ಮೊದಲೇ ಗಳಿಸಬೇಕು

ಫುಕುಶಿಮಾ ದಾಯಿಚಿ ಇರುವ ಜಾಗ ಮೂಲದಲ್ಲಿ ಸಮುದ್ರದಿಂದ ಸುಮಾರು 35 ಮೀಟರ್ ಎತ್ತರದ ದಿಬ್ಬ. ಅದನ್ನು ಕಡಿದು ಮೊದಲ ನಾಲ್ಕು ಘಟಕಗಳನ್ನು 10 ಮೀಟರ್ ಮಟ್ಟದಲ್ಲಿ ಕಟ್ಟಿದರು. ಗಟ್ಟಿ ಬಂಡೆಯ ಮೇಲೆ ಅಡಿಪಾಯ ಕೂರಬೇಕಿತ್ತು, ಸಮುದ್ರದ ನೀರನ್ನು ಮೇಲೆತ್ತುವ ಖರ್ಚೂ ಉಳಿಯುತ್ತಿತ್ತು. ಸುನಾಮಿಗೆಂದು ಮೊದಲು ಲೆಕ್ಕ ಹಿಡಿದದ್ದು 3.1 ಮೀಟರ್, 2002ರಲ್ಲಿ ಅದನ್ನು 5.7ಕ್ಕೆ ಏರಿಸಿದರು. 2008ರಲ್ಲಿ ಸ್ಥಾವರ ನಡೆಸುವ ಕಂಪನಿಯ ಒಳಗಿನ ಲೆಕ್ಕಾಚಾರವೊಂದು 15.7 ಮೀಟರ್ ಬರಬಹುದು ಎಂದಿತು. ಆ ಕಾಗದದ ಮೇಲೆ ಕ್ರಮವಾಗಲಿಲ್ಲ. 2011ರಲ್ಲಿ ಬಂದ ನೀರು 14-15 ಮೀಟರ್. ಡೀಸೆಲ್ ಜನರೇಟರ್‌ಗಳೂ ವಿದ್ಯುತ್ ಹಂಚುವ ಸ್ವಿಚ್‌ಗೇರ್‌ಗಳೂ ಹೆಚ್ಚಾಗಿ ಟರ್ಬೈನ್ ಕಟ್ಟಡದ ನೆಲಮಾಳಿಗೆಯಲ್ಲಿದ್ದವು. ಮುಳುಗಿದವು.

ಅದೇ ಆವರಣದಲ್ಲಿ, 13 ಮೀಟರ್ ಮಟ್ಟದಲ್ಲಿದ್ದ ಆರನೆಯ ಘಟಕದ ಒಂದು ಜನರೇಟರ್ ಗಾಳಿಯಿಂದ ತಣಿಯುವಂಥದ್ದು. ಅದಕ್ಕೆ ಸಮುದ್ರದ ನೀರು ಬೇಕಿರಲಿಲ್ಲ, ಅದು ನೆಲಮಾಳಿಗೆಯಲ್ಲೂ ಇರಲಿಲ್ಲ. ಆ ಒಂದೇ ಜನರೇಟರ್ ಐದು ಮತ್ತು ಆರನೆಯ ಘಟಕಗಳೆರಡನ್ನೂ ಉಳಿಸಿತು. ನಾನು ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹತ್ತು ಜನರೇಟರ್ ಒಂದೇ ಕೋಣೆಯಲ್ಲಿಟ್ಟು 'ನಮ್ಮಲ್ಲಿ ಹತ್ತು ಇವೆ' ಎಂದರೆ ನೀರಿನ ಲೆಕ್ಕದಲ್ಲಿ ಅದು ಒಂದೇ. ಜಾಗ ಬೇರೆ, ಎತ್ತರ ಬೇರೆ, ತಣಿಸುವ ವಿಧಾನ ಬೇರೆ ಆದಾಗಲೇ ಎರಡನ್ನು ಎರಡು ಎಂದು ಎಣಿಸಬೇಕು.

ಒನಗಾವಾ ಸ್ಥಾವರ ಭೂಕಂಪದ ಕೇಂದ್ರಕ್ಕೆ ದಾಯಿಚಿಗಿಂತ ಹತ್ತಿರವಿತ್ತು. ಅದನ್ನು ಕಟ್ಟಿದ ತೊಹೊಕು ಎಲೆಕ್ಟ್ರಿಕ್ ಕಂಪನಿಯಲ್ಲಿ ಯಾನೊಸುಕೆ ಹಿರಾಯ್ ಎಂಬ ಹಿರಿಯ ಎಂಜಿನಿಯರ್ ಇದ್ದರು. ಕ್ರಿ.ಶ. 869ರ ಜೋಗನ್ ಸುನಾಮಿಯ ನೆನಪು ಆ ಸೀಮೆಯದು. ನೆಲಮಟ್ಟ 14.8 ಮೀಟರ್ ಇರಲೇಬೇಕು ಎಂದು ಹಿರಾಯ್ ಪಟ್ಟು ಹಿಡಿದರು. ಅಷ್ಟು ಬೇಡ ಎಂದವರಿದ್ದರು, ಖರ್ಚಿನ ಮಾತೂ ಬಂತು. ಅವರು ಜಗ್ಗಲಿಲ್ಲ. 2011ರಲ್ಲಿ ಭೂಕಂಪಕ್ಕೆ ಅಲ್ಲಿನ ನೆಲವೇ ಸುಮಾರು ಒಂದು ಮೀಟರ್ ಕುಸಿಯಿತು, ಆಮೇಲೆ 13 ಮೀಟರಿನ ನೀರು ಬಂತು. ಉಳಿದದ್ದು ಒಂದು ಮೀಟರಿಗೂ ಕಡಿಮೆ ಅಂತರ. ಸ್ಥಾವರ ಉಳಿಯಿತು. ಹಿರಾಯ್ 1986ರಲ್ಲೇ ತೀರಿಕೊಂಡಿದ್ದರು. ತಮ್ಮ ಮಾತು ನಿಜವಾದದ್ದನ್ನು ಅವರು ನೋಡಲಿಲ್ಲ. ಕಟ್ಟುವ ಕಾಲದಲ್ಲಿ ಒಬ್ಬ ಹಟವಾದಿ ಕೂತು ಗಳಿಸಿದ ಎತ್ತರವನ್ನು ಮುಂದೆ ಎಷ್ಟು ಕೋಟಿ ಸುರಿದರೂ ಗಳಿಸಲಾಗುವುದಿಲ್ಲ. ಗೋಡೆ ಕಟ್ಟಬಹುದು, ನೆಲವನ್ನು ಎತ್ತಲಾಗದು.

3. ನೀರು ಕೇಬಲ್ ತೂತಿನಿಂದ ಬರುತ್ತದೆ

ನನ್ನ ನೋಟ್‌ಬುಕ್ಕಿನಲ್ಲಿ ಅತಿ ಹೆಚ್ಚು ಪುಟ ತುಂಬಿರುವುದು ಈ ವಿಷಯದ ಮೇಲೆ.

1999ರ ಡಿಸೆಂಬರ್ 27ರ ರಾತ್ರಿ ಫ್ರಾನ್ಸಿನ ಬ್ಲೇಯೆ ಸ್ಥಾವರದ ಪಕ್ಕದ ಜಿರೋಂದ್ ಅಳಿವೆಯಲ್ಲಿ ಬಿರುಗಾಳಿಯೂ ಭರತವೂ ಒಟ್ಟಿಗೆ ಸೇರಿ ಅಲೆಗಳು ಕಟ್ಟೆಯ ಮೇಲೆ ಹಾರಿದವು. ನೀರು ನೆಲದಡಿಯ ಗ್ಯಾಲರಿಗಳಿಗೆ ಇಳಿದು, ಕೇಬಲ್ಲುಗಳು ಗೋಡೆ ದಾಟುವ ತೂತುಗಳ ಮೂಲಕ ಮೊದಲೆರಡು ಘಟಕಗಳ ಸುರಕ್ಷತಾ ಪಂಪುಗಳ ಕೋಣೆಗೆ ಸೇರಿತು. ನಮ್ಮಲ್ಲೇ 1994ರ ಜೂನ್‌ನಲ್ಲಿ ಗುಜರಾತಿನ ಕಾಕ್ರಾಪಾರದಲ್ಲಿ ಭಾರೀ ಮಳೆಗೆ ಪಕ್ಕದ ಮೋತಿಚೇರ್ ಕೆರೆ ಉಕ್ಕಿತು, ಗೇಟುಗಳು ತೆರೆಯಲಿಲ್ಲ, ನೀರು ಟರ್ಬೈನ್ ಕಟ್ಟಡದ ತಳಕ್ಕೆ ನುಗ್ಗಿತು. ಫುಕುಶಿಮಾದ ದಿನವೇ ಟೋಕೈ ದಾಯಿನಿ ಸ್ಥಾವರದಲ್ಲಿ ನಡೆದದ್ದನ್ನು ನೋಡಿ. ಪಂಪುಗಳ ಸುತ್ತಲಿನ ಗೋಡೆಯನ್ನು 6.1 ಮೀಟರಿಗೆ ಎತ್ತರಿಸಿದ್ದರು, ಬಂದ ನೀರು 5.4 ಮೀಟರ್. ಗೋಡೆ ಗೆದ್ದಿತು. ಆದರೆ ಒಂದು ಭಾಗದಲ್ಲಿ ತೂತು ಮುಚ್ಚುವ ಕೆಲಸ ಇನ್ನೂ ಮುಗಿದಿರಲಿಲ್ಲ, ಅಲ್ಲಿಂದ ನೀರು ಒಳಬಂದು ಮೂರರಲ್ಲಿ ಒಂದು ಪಂಪ್ ಕೆಟ್ಟಿತು. ಉಳಿದ ಎರಡು ಸ್ಥಾವರವನ್ನು ಕಾಪಾಡಿದವು.

ನಾನು ಕಣ್ಣಾರೆ ಕಂಡದ್ದು ಒಂದಿದೆ. ಯಾವ ಸ್ಥಾವರ ಎಂದು ಹೇಳುವುದಿಲ್ಲ. ಮುಂಗಾರಿಗೆ ಮೊದಲು ನೆಲಮಾಳಿಗೆಯ ಸುತ್ತು ಹೊಡೆಯುವುದು ಪಾಳಿಯವರ ಕೆಲಸ. ಪಟ್ಟಿಯಲ್ಲಿ 'ಗೋಡೆಯ ತೂತುಗಳು ಮುಚ್ಚಿವೆಯೇ' ಎಂಬ ಕಡೆ ಮೂರು ತಿಂಗಳಿನಿಂದ ಟಿಕ್ ಬಿದ್ದಿತ್ತು. ಅವತ್ತು ನನ್ನ ಜೊತೆಗಿದ್ದ ಟೆಕ್ನಿಷಿಯನ್ ಹುಡುಗ ಕೇಬಲ್ ಟ್ರೇ ಹಿಂದೆ ಟಾರ್ಚ್ ಬಿಟ್ಟು, "ಸಾರ್, ಇಲ್ಲಿ ಗಾಳಿ ಬರ್ತಿದೆ" ಅಂದ. ಕೈ ಹಾಕಿ ನೋಡಿದೆ. ಹೊಸ ಕೇಬಲ್ ಎಳೆಯಲು ಸೀಲನ್ನು ಕಿತ್ತು, ಕೆಲಸವಾದ ಮೇಲೆ ಗೋಣಿತಟ್ಟು ತುರುಕಿ, ಅದರ ಮೇಲೆ ಬಣ್ಣ ಬಳಿದಿದ್ದರು. ಹೊರಗಿನಿಂದ ನೋಡಿದರೆ ಸರಿಯಾಗಿಯೇ ಕಾಣುತ್ತಿತ್ತು. ಬೆರಳಿನಿಂದ ಒತ್ತಿದರೆ ಒಳಕ್ಕೆ ಹೋಗುತ್ತಿತ್ತು. ಆ ಗೋಡೆಯಾಚೆ ಇದ್ದದ್ದು ಬ್ಯಾಟರಿ ಕೋಣೆ.

ಅಂದಿನಿಂದ ನನ್ನ ಪಾಳಿಯಲ್ಲಿ ಸೀಲನ್ನು ಕಣ್ಣಿನಿಂದ ನೋಡಿ ಟಿಕ್ ಹಾಕುವುದನ್ನು ನಿಲ್ಲಿಸಿದೆ. ಕೈಯಿಂದ ಒತ್ತಿ ನೋಡಬೇಕು. ಎಲ್ಲ ಸೇರಿ ಒಂದು ದಿನದ ಕೆಲಸವನ್ನು ನಾಲ್ಕು ದಿನ ಮಾಡಿಸುತ್ತಾನೆ ಎಂದು ಬೈದುಕೊಂಡವರಿದ್ದಾರೆ. ಆ ಹುಡುಗ ಮಾತ್ರ ಮುಂದೆ ತಾನೇ ಪಾಳಿಯ ಮುಖ್ಯಸ್ಥನಾದ.

4. ಸಮುದ್ರ ಹಿಂದೆ ಸರಿಯುವುದೂ ಅಪಾಯವೇ

2004ರ ಡಿಸೆಂಬರ್ 26ರಂದು ಕಲ್ಪಾಕ್ಕಂ ಸ್ಥಾವರದ ಎರಡನೆಯ ಘಟಕ ಓಡುತ್ತಿತ್ತು. ಸುನಾಮಿಯ ನೀರು ಸಮುದ್ರದಡಿಯ ಸುರಂಗದ ಮೂಲಕ ಪಂಪ್ ಹೌಸಿನೊಳಗೆ ಏರಿ, ಕಂಡೆನ್ಸರಿನ ದೊಡ್ಡ ಪಂಪುಗಳು ನಿಂತವು. ಆಪರೇಟರ್‌ಗಳು ರಿಯಾಕ್ಟರನ್ನು ನಿಲ್ಲಿಸಿದರು, ಸ್ಥಾವರ ಸುರಕ್ಷಿತವಾಗಿ ಉಳಿಯಿತು. ಅಲ್ಲಿನ ವಸತಿ ಬಡಾವಣೆಯಲ್ಲಿ ಮಾತ್ರ ಸಾವುಗಳಾದವು. ರಿಯಾಕ್ಟರನ್ನು ಕಾಯುವವರ ಮನೆಗಳೂ ಅದೇ ದಂಡೆಯಲ್ಲಿರುತ್ತವೆ. ಸ್ಥಾವರದ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆಯುವ ನಾವು ಕ್ವಾರ್ಟರ್ಸಿನ ಎತ್ತರವನ್ನು ಅಷ್ಟೇ ಶ್ರದ್ಧೆಯಿಂದ ಅಳೆದಿದ್ದೇವೆಯೇ ಎಂದು ಅವತ್ತಿನಿಂದ ಕೇಳುತ್ತಲೇ ಬಂದಿದ್ದೇನೆ.

ಇನ್ನೊಂದು ವಿಷಯ. ಅಲೆ ಬರುವ ಮೊದಲು ಸಮುದ್ರ ಹಿಂದೆ ಸರಿಯಬಹುದು. ಆಗ ಪಂಪುಗಳು ಗಾಳಿ ಎಳೆಯುತ್ತವೆ. ಒನಗಾವಾದಲ್ಲಿ ಹಿರಾಯ್ ಅದನ್ನೂ ಯೋಚಿಸಿ, ಸಮುದ್ರ ಸರಿದರೂ ಸುಮಾರು 40 ನಿಮಿಷಕ್ಕೆ ಸಾಕಾಗುವಷ್ಟು ನೀರು ಉಳಿಯುವಂತೆ ಒಳಹರಿವಿನ ಕಾಲುವೆಯನ್ನು ಮಾಡಿಸಿದ್ದರು.

5. ಬಳಸದ ಉಪಕರಣ ಅಪರಿಚಿತ ಉಪಕರಣ

ದಾಯಿಚಿಯ ಒಂದನೆಯ ಘಟಕದಲ್ಲಿ ಐಸೊಲೇಷನ್ ಕಂಡೆನ್ಸರ್ ಎಂಬ ವ್ಯವಸ್ಥೆಯಿತ್ತು. ಪಂಪ್ ಬೇಡ, ಕರೆಂಟ್ ಬೇಡ, ಗುರುತ್ವದ ಮೇಲೇ ರಿಯಾಕ್ಟರನ್ನು ತಣಿಸುತ್ತದೆ. ವಾಲ್ವ್ ತೆರೆದಿದ್ದರೆ ಸಾಕು. ಬ್ಯಾಟರಿಗಳು ಮುಳುಗಿ ಕಂಟ್ರೋಲ್ ರೂಮಿನ ದೀಪಗಳೆಲ್ಲ ಆರಿದಾಗ ಆ ವಾಲ್ವ್ ತೆರೆದಿದೆಯೋ ಮುಚ್ಚಿದೆಯೋ ಎಂಬುದು ಯಾರಿಗೂ ಖಚಿತವಾಗಲಿಲ್ಲ. ಅದು ಕೆಲಸ ಮಾಡುತ್ತಿದೆ ಎಂದೇ ತುರ್ತು ಕೇಂದ್ರದಲ್ಲಿದ್ದವರು ಗಂಟೆಗಟ್ಟಲೆ ನಂಬಿದ್ದರು. ಅದು ಓಡುವಾಗ ಕಟ್ಟಡದ ಗೋಡೆಯಿಂದ ಆವಿ ಭೋರ್ಗರೆದು ಬರುತ್ತದೆ. ಅಂದು ಪಾಳಿಯಲ್ಲಿದ್ದವರಲ್ಲಿ ಅದನ್ನು ಮೊದಲು ನಿಜವಾಗಿ ಓಡಿಸಿದವರು ಇರಲಿಲ್ಲ. ತೆಳ್ಳಗೆ ಆವಿ ಕಂಡರೆ ಅದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ಹೇಳುವ ಕಣ್ಣು ಅಲ್ಲಿರಲಿಲ್ಲ. ಆ ರಾತ್ರಿಯೇ ಒಂದನೆಯ ಘಟಕದ ಇಂಧನ ಕರಗಿತು.

ಇದಕ್ಕೆ ಎದುರು ನಾನು ಯಾವಾಗಲೂ ನರೋರಾವನ್ನು ಇಡುತ್ತೇನೆ. ಗಂಗೆಯ ದಂಡೆಯ ಆ ಸ್ಥಾವರದಲ್ಲಿ 1993ರ ಮಾರ್ಚ್ 31ರ ನಸುಕಿನಲ್ಲಿ ಟರ್ಬೈನಿನ ಎರಡು ಬ್ಲೇಡ್ ಮುರಿದು, ಹೈಡ್ರೋಜನ್ ಸೋರಿ, ಬೆಂಕಿ ಹತ್ತಿತು. ಪ್ರಕೃತಿ ವಿಕೋಪವಲ್ಲ ನಿಜ. ಆದರೆ ಪರಿಣಾಮ ಅದೇ: ಕೇಬಲ್ಲುಗಳು ಸುಟ್ಟು ಸ್ಥಾವರ ಸುಮಾರು 17 ಗಂಟೆ ಪೂರ್ತಿ ಕತ್ತಲಲ್ಲಿತ್ತು, ಕಂಟ್ರೋಲ್ ರೂಮಿಗೆ ಹೊಗೆ ತುಂಬಿತ್ತು. ಆಪರೇಟರ್‌ಗಳು ಟಾರ್ಚ್ ಹಿಡಿದು ರಿಯಾಕ್ಟರ್ ಕಟ್ಟಡದ ಮೇಲಕ್ಕೆ ಹತ್ತಿ ಕೈಯಿಂದ ವಾಲ್ವ್ ತೆರೆದು ವಿದಳನವನ್ನು ತಡೆಯುವ ಬೋರಾನ್ ದ್ರಾವಣ ಬಿಟ್ಟರು. ಬೆಂಕಿ ಆರಿಸುವ ಡೀಸೆಲ್ ಪಂಪ್ ಚಾಲೂ ಮಾಡಿ ಸ್ಟೀಮ್ ಜನರೇಟರ್‌ಗಳಿಗೆ ನೀರು ಕೊಟ್ಟರು. ಒಳಗಿನ ಭಾರಜಲ ಪಂಪಿಲ್ಲದೆಯೇ ಬಿಸಿಗೆ ತಾನಾಗಿ ಸುತ್ತುತ್ತ ಶಾಖವನ್ನು ಹೊತ್ತು ತಂದಿತು. ಇಂಧನಕ್ಕೆ ಹಾನಿಯಾಗಲಿಲ್ಲ. ಆ ಮೆಟ್ಟಿಲು ಎಲ್ಲಿದೆ, ಯಾವ ವಾಲ್ವ್ ಎತ್ತ ತಿರುಗುತ್ತದೆ ಎಂಬುದು ಅವರ ಕಾಲಿಗೆ, ಕೈಗೆ ಗೊತ್ತಿತ್ತು.

ಫುಕುಶಿಮಾದ ನಂತರ ನಮ್ಮ ದೇಶದ ಸ್ಥಾವರಗಳಲ್ಲಿ ಹೊರಗಿನಿಂದ ಹೋಸ್ ಹಚ್ಚಿ ನೀರು ಕೊಡುವ ಕಿಂಡಿಗಳನ್ನು ಕೂರಿಸಿದರು, ಸಾಗಿಸಬಹುದಾದ ಡೀಸೆಲ್ ಪಂಪ್ ತಂದರು. ಒಳ್ಳೆಯ ಕೆಲಸ. ನಾನಿದ್ದ ಒಂದು ಕಡೆ ಮೊದಲ ಡ್ರಿಲ್‌ನಲ್ಲಿ ಪಂಪ್ ಬಂತು, ಹೋಸ್ ಬಿಚ್ಚಿದರು, ಹೋಸಿನ ತುದಿ ಕಿಂಡಿಗೆ ಕೂರಲಿಲ್ಲ. ಎರಡೂ ಬೇರೆ ಬೇರೆ ಆರ್ಡರಿನಲ್ಲಿ ಬಂದಿದ್ದವು, ಎರಡೂ ಕಾಗದದಲ್ಲಿ ಸರಿಯಿದ್ದವು. ಒಂದು ಅಡಾಪ್ಟರ್ ಮಾಡಿಸಲು ವರ್ಕ್‌ಶಾಪಿಗೆ ಅರ್ಧ ದಿನ ಸಾಕಾಯಿತು. ಡ್ರಿಲ್ ಮಾಡದೆ ಇದ್ದಿದ್ದರೆ ಆ ಅರ್ಧ ದಿನವನ್ನು ಎಲ್ಲಿಂದ ತರುತ್ತಿದ್ದೆವು? ಅಲ್ಲಿಂದ ಮುಂದೆ ನಾನು ಡ್ರಿಲ್‌ಗಳನ್ನು ರಾತ್ರಿಯಲ್ಲಿ, ಮಳೆಯಲ್ಲಿ, ದೀಪ ಆರಿಸಿ ಮಾಡಿಸಿದೆ. ನೀರು ನಿಜವಾಗಿ ಹರಿಯುವವರೆಗೆ ಡ್ರಿಲ್ ಮುಗಿಯಿತೆಂದು ಲಾಗ್‌ಬುಕ್ಕಿನಲ್ಲಿ ಸಹಿ ಮಾಡಲಿಲ್ಲ.

6. ರಸ್ತೆಯೂ ಸುರಕ್ಷತಾ ಉಪಕರಣ

1992ರ ಆಗಸ್ಟ್ 24ರಂದು ಆಂಡ್ರ್ಯೂ ಚಂಡಮಾರುತ ಫ್ಲೋರಿಡಾದ ಟರ್ಕಿ ಪಾಯಿಂಟ್ ಸ್ಥಾವರದ ಮೇಲೆಯೇ ಹಾದುಹೋಯಿತು. ಹೊರಗಿನ ವಿದ್ಯುತ್ ಐದು ದಿನಕ್ಕೂ ಹೆಚ್ಚು ಬರಲಿಲ್ಲ, ಸಂಪರ್ಕ ಕಡಿಯಿತು, ದಾರಿ ಮುಚ್ಚಿತು. ಡೀಸೆಲ್ ಜನರೇಟರ್‌ಗಳು ಎಡೆಬಿಡದೆ ಓಡಿದ್ದರಿಂದ ಏನೂ ಆಗಲಿಲ್ಲ. ಬ್ಲೇಯೆಗೂ ಆ ರಾತ್ರಿ ಹೊರಗಿನ ತಂಡ ಬರಲಾಗಲಿಲ್ಲ, ರಸ್ತೆ ನೀರಿನಲ್ಲಿತ್ತು. ಫುಕುಶಿಮಾಕ್ಕೆ ಹೊರಟ ವಿದ್ಯುತ್ ಟ್ರಕ್ಕುಗಳು ಬಿರುಕುಬಿಟ್ಟ ರಸ್ತೆಯಲ್ಲಿ, ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡವು. ಕೊನೆಗೆ ತಲುಪಿ, ಮರುದಿನ ಮಧ್ಯಾಹ್ನದ ಹೊತ್ತಿಗೆ ಕೇಬಲ್ ಎಳೆದು ಇನ್ನೇನು ಕರೆಂಟ್ ಕೊಡಬೇಕು, ಆಗ ಒಂದನೆಯ ಘಟಕದ ಹೈಡ್ರೋಜನ್ ಸ್ಫೋಟ ಆ ಕೇಬಲ್ಲನ್ನೇ ಹಾಳು ಮಾಡಿತು.

ನಮ್ಮ ಕೈಗಾದ ವಿಷಯಕ್ಕೆ ಬಂದಾಗ ಜನ ಭೂಕಂಪದ ಬಗ್ಗೆ ಕೇಳುತ್ತಾರೆ. ನನಗೆ ಮೊದಲು ಕಣ್ಣಿಗೆ ಬರುವುದು ಮಳೆ ಮತ್ತು ಗುಡ್ಡ. ಕೈಗಾ ಕಾಳಿ ನದಿಯ ಕಣಿವೆಯಲ್ಲಿ, ಕದ್ರಾ ಜಲಾಶಯದ ಅಂಚಿನಲ್ಲಿದೆ. ಮೇಲ್ಗಡೆ ಕೊಡಸಳ್ಳಿ, ಅದಕ್ಕೂ ಮೇಲೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು. ಸುತ್ತ ಘಟ್ಟ. 2024ರ ಜುಲೈ 16ರಂದು ಅದೇ ಜಿಲ್ಲೆಯ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ಗಂಗಾವಳಿಗೆ ಬಿದ್ದು, ಜೀವಗಳು ಹೋಗಿ, ರಾಷ್ಟ್ರೀಯ ಹೆದ್ದಾರಿ ಹಲವು ದಿನ ಮುಚ್ಚಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಅಂಥ ಕಣಿವೆಯಲ್ಲಿ 'ಹೊರಗಿನಿಂದ ನೆರವು ಬರುತ್ತದೆ' ಎಂಬ ವಾಕ್ಯ ಯಾವ ಯೋಜನೆಯಲ್ಲಿ ಕಂಡರೂ ಅದರ ಪಕ್ಕದಲ್ಲಿ ಯಾವ ರಸ್ತೆಯಿಂದ, ಅದು ಮುಚ್ಚಿದರೆ ಯಾವ ದಾರಿಯಿಂದ ಎಂದು ಪೆನ್ಸಿಲಿನಲ್ಲಿ ಬರೆಯಿರಿ ಎನ್ನುತ್ತೇನೆ. ಬರೆಯಲಾಗದಿದ್ದರೆ ಡೀಸೆಲ್ಲನ್ನೂ ನೀರನ್ನೂ ಅಕ್ಕಿ-ಬೇಳೆಯನ್ನೂ ಒಳಗೇ ಇಟ್ಟುಕೊಳ್ಳಬೇಕು. ಅಕ್ಕಿ-ಬೇಳೆಯ ಮಾತನ್ನು ಬೇಕೆಂದೇ ಸೇರಿಸಿದೆ. ಎರಡು ಪಾಳಿ ಒಟ್ಟಿಗೆ ಮಾಡಿದವನಿಗೆ ಹಸಿವಿನಲ್ಲಿ ಮೀಟರ್ ಓದಲು ಬರುವುದಿಲ್ಲ.

7. ಹೆದರಿದವರಿಗೆ ನಿಜ ಸಂಖ್ಯೆ ಕೊಡಿ

ದಾಯಿಚಿಯಿಂದ ಸುಮಾರು 12 ಕಿಲೋಮೀಟರ್ ದಕ್ಷಿಣಕ್ಕೆ ಫುಕುಶಿಮಾ ದಾಯಿನಿ ಇದೆ. ಅಲ್ಲೂ ಸುನಾಮಿ ಬಂತು, ಸಮುದ್ರದ ಪಂಪುಗಳ ಮೋಟರುಗಳು ಹೋದವು. ಉಳಿದದ್ದು ಹೊರಗಿನ ಒಂದು ವಿದ್ಯುತ್ ಲೈನ್. ಸ್ಥಾವರದ ಮುಖ್ಯಸ್ಥ ನಾವೊಹಿರೊ ಮಸುದಾ ಕೆಲಸಗಾರರನ್ನು ದಂಡೆಗೆ ಕಳುಹಿಸುವ ಮೊದಲು ವೈಟ್‌ಬೋರ್ಡಿನ ಮೇಲೆ ಮರುಕಂಪನಗಳ ತೀವ್ರತೆಯನ್ನೂ ಅವು ಎಷ್ಟು ಸಲ ಬರುತ್ತಿವೆ ಎಂಬುದನ್ನೂ ಬರೆಯುತ್ತ ಹೋದರು. ಅವು ಇಳಿಯುತ್ತಿವೆ ಎಂಬುದನ್ನು ಜನ ತಾವೇ ನೋಡಿದರು. 'ಏನೂ ಆಗಲ್ಲ, ಹೋಗಿ' ಎಂದು ಅವರು ಹೇಳಲಿಲ್ಲ. ಆಮೇಲೆ ಪಂಪುಗಳಿಗೆ ಕರೆಂಟ್ ಕೊಡಲು ಸುಮಾರು 200 ಜನ ಸೇರಿ ಯಂತ್ರದಿಂದ ಎಳೆಯಬೇಕಾದಷ್ಟು ಭಾರದ ಕೇಬಲ್ಲನ್ನು ಹೆಗಲ ಮೇಲೆ ಹೊತ್ತು ಒಟ್ಟು 9 ಕಿಲೋಮೀಟರ್ ಎಳೆದರು. ಮಾರ್ಚ್ 15ರ ಹೊತ್ತಿಗೆ ನಾಲ್ಕೂ ರಿಯಾಕ್ಟರ್ ತಣ್ಣಗಾಗಿದ್ದವು.

ನಾನು ಮುಖ್ಯಸ್ಥರಾಗುವವರಿಗೆ ಕಲಿಸಿದ್ದು ಇಷ್ಟೇ: ನಿಮ್ಮ ಧೈರ್ಯದ ಮಾತು ಅವರಿಗೆ ಬೇಡ, ನಿಮ್ಮ ಹತ್ತಿರ ಇರುವ ಅಂಕಿ ಕೊಡಿ.

8. ಬೇಲಿಯ ಹೊರಗಿನವರ ಪ್ರಶ್ನೆ ಬೇರೆ

ಫುಕುಶಿಮಾದಲ್ಲಿ ತೆರವಿನ ವಲಯ ಮೊದಲ ರಾತ್ರಿ 3 ಕಿಲೋಮೀಟರ್, ಮರುದಿನ ಬೆಳಿಗ್ಗೆ 10, ಸಂಜೆಗೆ 20 ಆಯಿತು. ಒಂದೂವರೆ ಲಕ್ಷದಷ್ಟು ಜನ ಮನೆ ಬಿಟ್ಟರು. ನಾಮಿಯೆ ಊರಿನ ಬಹಳ ಮಂದಿ ವಾಯವ್ಯಕ್ಕೆ ಹೋದರು. ವಿಕಿರಣ ಹೊತ್ತ ಗಾಳಿಯೂ ಅತ್ತಲೇ ಹೋಯಿತು. ಗಾಳಿಯ ದಿಕ್ಕಿನ ಲೆಕ್ಕ ಸರ್ಕಾರದ ಕಂಪ್ಯೂಟರಿನಲ್ಲಿತ್ತು, ಅವರಿಗೆ ತಲುಪಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿದ್ದ ವೃದ್ಧರು ಬಸ್ಸುಗಳಲ್ಲಿ ಗಂಟೆಗಟ್ಟಲೆ ಸಾಗಿ ಜೀವ ಬಿಟ್ಟರು. ತೆರವಿನ ಕಷ್ಟ, ಸ್ಥಳಾಂತರದ ಬದುಕು ಇವುಗಳಿಂದಾದ ಸಾವು ಎಂದು ಆ ಪ್ರಾಂತದಲ್ಲಿ ದಾಖಲಾದದ್ದು ಎರಡು ಸಾವಿರಕ್ಕೂ ಹೆಚ್ಚು. ಒನಗಾವಾದಲ್ಲಿ ಮಾತ್ರ ಇದರ ಉಲ್ಟಾ ನಡೆಯಿತು. ಮನೆ ಕಳೆದುಕೊಂಡ ಅಕ್ಕಪಕ್ಕದ ಹಳ್ಳಿಯವರು ಸ್ಥಾವರದ ಗೇಟಿಗೆ ಬಂದರು, ಅವರನ್ನು ಒಳಗೆ ಬಿಟ್ಟುಕೊಂಡರು. 360ಕ್ಕೂ ಹೆಚ್ಚು ಜನ ಅದರ ವ್ಯಾಯಾಮಶಾಲೆಯಲ್ಲಿ ಮಲಗಿದರು, ಕೆಲವರು ಸುಮಾರು ಮೂರು ತಿಂಗಳು ಅಲ್ಲೇ ಇದ್ದರು.

ನಮ್ಮಲ್ಲಿ ಸ್ಥಾವರದ ಸುತ್ತ 16 ಕಿಲೋಮೀಟರ್ ವ್ಯಾಪ್ತಿಯಲ್ಲಿ ತುರ್ತು ಯೋಜನೆಯ ಅಣಕು ತೆರವು ನಡೆಯುತ್ತದೆ. ಅಂಥ ಒಂದು ದಿನ ನಾನೂ ಜೀಪಿನಲ್ಲಿ ಹಳ್ಳಿಗೆ ಹೋಗಿದ್ದೆ. ಮೈಕಿನಲ್ಲಿ ಘೋಷಣೆಯಾಯಿತು, ಬಸ್ಸು ಬಂತು, ಶಾಲೆಯ ಮಕ್ಕಳು ಹತ್ತಿದರು. ಒಂದು ಮನೆಯ ಜಗುಲಿಯಲ್ಲಿ ಅಜ್ಜಿಯೊಬ್ಬರು ಹುಲ್ಲಿನ ಹೊರೆ ಬಿಚ್ಚುತ್ತಿದ್ದರು. "ಅಮ್ಮಾ, ಬಸ್ಸು ಬಂದಿದೆ, ನಿಜವಾಗಿ ಆದ್ರೆ ನೀವು ಹೊರಡಬೇಕಾಗುತ್ತೆ" ಎಂದೆ. ಅವರು ಕೊಟ್ಟಿಗೆಯ ಕಡೆ ತಿರುಗಿ ನೋಡಿದರು. ಎರಡು ಹಸು, ಒಂದು ಕರು. "ನಾನು ಬರ್ತೀನಪ್ಪಾ. ಇವಕ್ಕೆ ಸಂಜೆ ನೀರು ಯಾರು ಕೊಡ್ತಾರೆ?" ಎಂದರು.

ಫುಕುಶಿಮಾದ ಕೊಟ್ಟಿಗೆಗಳಲ್ಲಿ ಕಟ್ಟಿಹಾಕಿದ ದನಗಳು ಕಟ್ಟಿದಲ್ಲೇ ಹಸಿವಿನಿಂದ ಸತ್ತ ಚಿತ್ರಗಳನ್ನು ನಾನು ಆ ಹೊತ್ತಿಗಾಗಲೇ ನೋಡಿದ್ದೆ. ಎರಡು ದಿನದಲ್ಲಿ ವಾಪಸ್ ಬರುತ್ತೇವೆ ಎಂದುಕೊಂಡು ಹೋದ ರೈತರ ದನಗಳವು. ಅಜ್ಜಿಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಕಚೇರಿಗೆ ಮರಳಿ ವರದಿಯಲ್ಲಿ ಅವರ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದೆ. ಮುಂದಿನ ಆವೃತ್ತಿಯ ಯೋಜನೆಯಲ್ಲಿ ಜಾನುವಾರುಗಳಿಗೆಂದು ಒಂದು ಸಾಲು ಸೇರಿತು. ಹಳ್ಳಿಯ ಹೆಸರು, ಹಸುಗಳ ಸಂಖ್ಯೆ, ಮೇವಿನ ಪ್ರಮಾಣ ಎಲ್ಲ ಭರ್ತಿಯಾಗಿತ್ತು. ನಾನು ನಿವೃತ್ತನಾಗುವ ದಿನ ತೆರೆದು ನೋಡಿದಾಗ 'ಜವಾಬ್ದಾರಿ' ಎಂಬ ಕಾಲಂ ಖಾಲಿಯೇ ಇತ್ತು. ನನ್ನ ಜಾಗಕ್ಕೆ ಬಂದವನಿಗೆ ಚಾರ್ಜ್ ಕೊಡುವಾಗ ಬಾಕಿ ಕೆಲಸಗಳ ಪಟ್ಟಿಯಲ್ಲಿ ಅದನ್ನು ಮೊದಲನೆಯದಾಗಿ ಬರೆದು, ಪಕ್ಕದಲ್ಲಿ ಅಜ್ಜಿಯ ಮನೆಗೆ ಹೋಗುವ ದಾರಿಯ ನಕ್ಷೆ ಬಿಡಿಸಿಕೊಟ್ಟೆ.